ಅದ್ದೊಲೊರಾತಾಳ ಮೂರು ತಿಂಗಳ ರಜೆ

ನಮ್ಮ ಬೂಟಿನ ಕಾರ್ಖಾನೆಯಲ್ಲಿ ಅದ್ದೊಲೊರಾತಾಳಷ್ಟು ನೇರವಾಗಿ ಚರ್ಮ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಈ ಕೆಲಸವೊಂದೇ ತನ್ನದು ಎನ್ನುತ್ತಿದ್ದಳು. ಸಂಬಳ ಗಂಡ ಕೊಸಿಮೊನ ಕೈಗೆ ಹೋಗುತ್ತಿತ್ತು, ಮನೆ ಅತ್ತೆಯದು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲವೆಂದು ಬೀದಿಯವರೆಲ್ಲ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಅವಳು ಏಕಾಏಕಿ ರಜೆಯ ಮೇಲೆ ಹೋದಳು. ಆಫೀಸಿನವರು ತುಟಿ ಬಿಚ್ಚಲಿಲ್ಲ. ಮೂರು ತಿಂಗಳು, ಸಂಬಳ ಸಮೇತ, ಕೆಲಸ ಅವಳಿಗೇ ಇರುತ್ತದೆ ಎಂದಷ್ಟೇ ತಿಳಿಯಿತು. ಗಂಡನ ಹೊಡೆತ ತಾಳಲಾರದೆ ಲೆಚ್ಚೆ ಪಟ್ಟಣದ ಆಶ್ರಯಮನೆ ಸೇರಿದವಳಿಗೆ ಕಾನೂನು ಅಂಥ ರಜೆ ಕೊಡುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ನಾವು ಕಂಡದ್ದು ಬಸುರಿಯರ ರಜೆಯೊಂದೇ; ಬಸಿರು ಸೂಕ್ಷ್ಮವಾಗಿದ್ದರೆ ಅದು ಮೊದಲ ತಿಂಗಳುಗಳಲ್ಲೇ ಸಿಗುತ್ತಿತ್ತು. ಅಂತೂ ದೇವರು ಕಣ್ಣು ಬಿಟ್ಟ ಎಂದುಕೊಂಡೆವು. ಮೂರು ತಿಂಗಳು ತುಂಬುವ ಮುನ್ನ ಬಸಿರಿನ ಮಾತೆತ್ತಿದರೆ ದೃಷ್ಟಿ ತಾಗುತ್ತದೆಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಊಟದ ಬಿಡುವಿನಲ್ಲಿ ಪುಟ್ಟ ಟೊಪ್ಪಿ ಹೆಣೆಯುತ್ತ ಕೂತೆವು.

ಆದರೆ ನಮ್ಮಲ್ಲಿ ಹಿರಿಯಳಾದ ತೆತ್ತಾಳ ಬಾಯಿಗೆ ಬೀಗವಿಲ್ಲ. ಒಂದು ಭಾನುವಾರ ಬೇಕರಿಯಲ್ಲಿ ಕೊಸಿಮೊ ಸಿಕ್ಕಾಗ ಅವನ ಕೆನ್ನೆ ಹಿಂಡಿದಳು.

“ಅವಳ ಕೈಲಿ ಭಾರ ಎತ್ತಿಸಬೇಡಪ್ಪ, ಮೊದಲನೇ ಬಸಿರು,” ಅಂದಳು.

ಹೆಂಡತಿ ಅಕ್ಕನ ಮನೆಯಲ್ಲಿದ್ದಾಳೆಂದು ಊರಿಗೆಲ್ಲ ಹೇಳಿಕೊಂಡಿದ್ದವನು ಸುಮ್ಮನೆ ನಕ್ಕ. ಆ ನಗೆಗಿಷ್ಟು ಬೆಂಕಿ ಹಾಕ. ಮಾರನೆಯ ದಿನದಿಂದ ಕಣ್ಣಲ್ಲಿ ನೀರು ತಂದುಕೊಂಡು, ಮುನಿಸಿಕೊಂಡು ಹೋದ ಬಸುರಿ ಹೆಂಡತಿಯನ್ನು ಕಂಡಿರಾ ಎಂದು ಮನೆಮನೆ ತಿರುಗಿದ. ಊರಿನವರ ಕರುಳು ಚುರುಕ್ ಎಂದಿತು. ಲೆಚ್ಚೆಯಲ್ಲಿ ಬಸ್ಸು ಓಡಿಸುವ ನಮ್ಮೂರಿನ ಡ್ರೈವರನೊಬ್ಬ, ಪುಣ್ಯ ಬರಲೆಂದು, ಅವಳು ಇಳಿಯುವ ನಿಲ್ದಾಣವನ್ನು ಹೇಳಿಬಿಟ್ಟ.

ಅಲ್ಲಿ ಕಾದು ನಿಂತವನು, ಮಗು ಯಾರದೆಂದು ಕೇಳುತ್ತಲೇ ಅವಳ ಬಲಗೈ ಮುರಿದ. ಪೊಲೀಸರು ಹಿಡಿದೊಯ್ದರು. ಹೆಂಡತಿಯ ಹತ್ತಿರ ಸುಳಿಯಬಾರದೆಂದು ಹೇಳಿ ಕೆಲವೇ ದಿನಗಳಲ್ಲಿ ಬಿಟ್ಟೂ ಬಿಟ್ಟರು.

ಬಸಿರೂ ಇಲ್ಲ, ಏನೂ ಇಲ್ಲವೆಂದು ನಮಗೆ ತಿಳಿದದ್ದು ಅವಳು ನನಗೆ ಫೋನ್ ಮಾಡಿದಾಗ. ಕೆಲಸ ಬಿಟ್ಟು ದೂರ ಹೋಗುತ್ತೇನೆ ಎಂದಳು. ಕೈ ವಾಸಿಯಾಗಲಿ, ನಿನ್ನ ಕೆಲಸವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ, ಕಾನೂನಿದೆ ಎಂದು ಅಂಗಲಾಚಿದೆ.

“ಕಾನೂನು ಕೆಲಸ ಕಾಯುತ್ತೆ ಕಣೇ ನುಂಜಿಯಾ,” ಅಂದಳು. “ಕಾರ್ಖಾನೆ ಗೇಟಿಂದ ಮನೆವರೆಗೆ ನನ್ನನ್ನ ಯಾರು ಕಾಯ್ತಾರೆ?”

ನಾವೆಲ್ಲ ಇದ್ದೀವಲ್ಲ ಎಂದೆ.

“ನೀವೆಲ್ಲ ಒಳ್ಳೆಯವರೇ ಕಣೇ,” ಅಂದಳು. “ಅದಕ್ಕೇ, ಎಲ್ಲಿಗೆ ಹೋಗ್ತೀನಿ ಅಂತ ನಿಮಗೆ ಹೇಳಲ್ಲ.”