ಲಾಭದಿಂದ ಎಣಿಸಿದ ಗ್ರಾಫು

ಸಿದ್ದಾಪುರದ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿಯಾಗಿರುವ ಪಕೀರಮ್ಮ ಸುಲಭಕ್ಕೆ ಹೆದರುವ ಹೆಣ್ಣಲ್ಲ. ಕಾಲುವೆ ದಂಡೆಯ ಮೇಲೆ ಹಾವು ಬಡಿದವಳು, ಮೊಟ್ಟೆ ಕಡಿಮೆ ತಂದ ಗುತ್ತಿಗೆದಾರನಿಗೆ ಬಾಗಿಲಲ್ಲೇ ಬೆವರಿಳಿಸಿದವಳು. ಅಂಥವಳಿಗೆ ಗಣಿತ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಹದಿನೆಂಟು ವರ್ಷದ ಹಿಂದೆ ಹತ್ತನೇ ತರಗತಿಯ ಎಲ್ಲ ವಿಷಯ ದಾಟಿ, ಅದೊಂದರಲ್ಲೇ ಮುಗ್ಗರಿಸಿದ್ದಳು. ಆಮೇಲೆ ಎರಡು ಸಲ ಕಟ್ಟಿ, ಎರಡು ಸಲವೂ ಬಿದ್ದಿದ್ದಳು.

ಈಗ ಮತ್ತೆ ಕಟ್ಟಲೇಬೇಕಾಗಿತ್ತು. ಅಂಗನವಾಡಿಯ ಕಾರ್ಯಕರ್ತೆ ಲಲಿತಾ ಜೂನ್‌ನಲ್ಲಿ ನಿವೃತ್ತಿಯಾಗುವವರು. ಹತ್ತನೇ ತರಗತಿ ಪಾಸಾದರೆ ಆ ಕುರ್ಚಿ ಪಕೀರಮ್ಮನದು. ಇಲ್ಲವಾದರೆ ಹೊರಗಿನವರು ಯಾರೋ ಬಂದು ಕೂರುತ್ತಾರೆ, ಇವಳು ಪಾತ್ರೆ ತಿಕ್ಕುತ್ತಲೇ ಮುದುಕಿಯಾಗಬೇಕು.

ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಲಲಿತಾ ಅವಳಿಗೆ ಪಾಠ ಹೇಳಿದರು. "ಗ್ರಾಫಿನ ಲೆಕ್ಕ ಬಂದ್ರ ನಾಕು ಮಾರ್ಕು ಗ್ಯಾರಂಟಿ ನೋಡು. ಒಂದು ಸಮೀಕರಣಕ್ಕ ಒಂದು ಗೆರಿ, ಇನ್ನೊಂದಕ್ಕ ಇನ್ನೊಂದು. ಎರಡೂ ಎಲ್ಲಿ ಕೂಡತಾವೋ ಅದ ಉತ್ತರ. ಎರಡ ಚುಕ್ಕಿ ಇಟ್ಟು ಗೆರಿ ಎಳೀಬ್ಯಾಡ, ಮೂರು ಇಡು. ಮೂರೂ ಒಂದ ಸಾಲಿನಾಗ ನಿಂತ್ರ ಛಲೋ ಆತು. ಒಂದು ಹೊರಗ ಬಿತ್ತಂದ್ರ ಎಲ್ಲೋ ತಪ್ಪೈತಿ."

"ಹೂನ್ರಿ ಅಕ್ಕಾರ," ಅನ್ನುತ್ತಿದ್ದಳು ಪಕೀರಮ್ಮ. ಅನ್ನುವಾಗಲೇ ಅವಳ ಅಂಗೈ ಒದ್ದೆಯಾಗಿರುತ್ತಿತ್ತು.

ಪರೀಕ್ಷೆಯ ದಿನ ತನಗೆ ಹಲ್ಲುನೋವು ಅಂತ ಗಂಡ ದುರುಗೇಶನಿಗೆ ಸುಳ್ಳು ಹೇಳಿ ಗಂಗಾವತಿಯ ಬಸ್ಸು ಹತ್ತಿದಳು. ಮತ್ತೆ ಫೇಲಾದರೆ ಊರು ನಗುವುದು ಹಾಗಿರಲಿ, ಅವನ ಮುಖ ನೋಡುವ ಧೈರ್ಯವೂ ಅವಳಿಗಿರಲಿಲ್ಲ. ಕೋಣೆಯ ತುಂಬ ಮಗಳ ವಯಸ್ಸಿನ ಹುಡುಗಿಯರು. ಗೋಡೆಯ ಮೂಲೆಯಲ್ಲೊಂದು ಕ್ಯಾಮೆರಾ. ಅದು ತನ್ನನ್ನೇ ನೋಡುತ್ತಿದೆ, ಎಲ್ಲೋ ಕುಳಿತ ಸಾಹೇಬರು ಈ ಹೆಂಗಸು ಇಲ್ಲೇಕೆ ಬಂದಳು ಅಂತ ನಗುತ್ತಿದ್ದಾರೆ ಅನ್ನಿಸಿ, ಅವಳು ಸೆರಗು ಹೊದ್ದು ಗುಬ್ಬಚ್ಚಿಯಂತೆ ಮುದುಡಿ ಕೂತಳು.

ಬಂದಷ್ಟನ್ನು ಬರೆದಳು. ಬಹಳವೇನೂ ಬರಲಿಲ್ಲ. ಇಪ್ಪತ್ತು ನಿಮಿಷ ಉಳಿದಾಗ ಗ್ರಾಫಿನ ಲೆಕ್ಕಕ್ಕೆ ಕೈಹಾಕಿದಳು. ಎಕ್ಸ್‌ಗೆ ವೈ ಕೂಡಿಸಿದರೆ ಐದು. ಎಕ್ಸ್‌ನಿಂದ ವೈ ಕಳೆದರೆ ಒಂದು. ಗ್ರಾಫ್ ಹಾಳೆ ಕೊಡುತ್ತ ಮೇಲ್ವಿಚಾರಕರು ಎಚ್ಚರಿಸಿದರು: "ಒಂದ ಹಾಳಿ ನೋಡ್ರಿ, ಕೆಡಿಸಿದ್ರ ಇನ್ನೊಂದು ಇಲ್ಲ."

ಆ ಮಾತಿಗೇ ಹೆದರಿ ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಹರವಿದಳು. ಮೊದಲನೇ ಗೆರೆಗೆ ಮೂರು ಚುಕ್ಕಿ: ಸೊನ್ನೆ-ಐದು, ಎರಡು-ಮೂರು, ಐದು-ಸೊನ್ನೆ. ಅಡ್ಡಗೆರೆ ನಿಂತಗೆರೆ ಕೂಡುವ ಮೂಲೆಯ ಮೇಲೆ ಬೆರಳಿಟ್ಟು ಮನೆಗಳನ್ನು ಎಣಿಸಿ ಇಟ್ಟಳು. ಅಳತೆಪಟ್ಟಿ ಹಚ್ಚಿದರೆ ನಡುವಿನ ಚುಕ್ಕಿ ಒಂದು ಮನೆ ಕೆಳಗೆ ಬಿದ್ದಿತ್ತು.

ಅಳಿಸಿ, ಮತ್ತೆ ಎಣಿಸಿ ಇಟ್ಟಳು. ಅದೇ ಸೊಟ್ಟ. ಅಳಿಸಿದ ಕಡೆ ಹಾಳೆ ತೆಳ್ಳಗಾಗಿ ಬೆಂಚಿನ ಬಣ್ಣ ಕಾಣುತ್ತಿತ್ತು. ಇನ್ನೊಮ್ಮೆ ಅಳಿಸಿದರೆ ಹರಿಯುವುದು ಖಂಡಿತ. ಕಣ್ಣು ಮಂಜಾಯಿತು, ಎದ್ದು ಹೊರಟೇಬಿಡಬೇಕು ಅನ್ನಿಸಿತು.

ಆದರೆ ಹದಿನೈದು ವರ್ಷ ಹಗ್ಗ ಹಿಡಿದು ಭತ್ತದ ಸಸಿ ನೆಟ್ಟ ಕಣ್ಣು ಅವಳದು; ಸೊಟ್ಟ ಸಾಲನ್ನು ಬಿಟ್ಟು ಎದ್ದವಳಲ್ಲ. ತಪ್ಪು ಹುಡುಕಲು ಮೂಲೆಯಿಂದ ಬೆರಳಾಡಿಸಿದಳು. ಹೆದರಿಕೆಯಲ್ಲಿ ಈ ಸಲ ಎಣಿಕೆ ಬಾಯಿಂದಲೇ ಹೊರಬಂತು: "ಲಾಭ, ಎರಡು, ಮೂರು..."

ನಮ್ಮ ಕಡೆ ಭತ್ತ, ಅಕ್ಕಿ ಅಳೆಯುವಾಗ ಯಾರೂ ಒಂದು ಅನ್ನುವುದಿಲ್ಲ. ಮೊದಲನೆಯದು ಲಾಭ, ಆಮೇಲೆ ಎರಡು. ಪಕೀರಮ್ಮ ದಿನಾ ಮಕ್ಕಳ ಅನ್ನಕ್ಕೆ ಅಕ್ಕಿ ಅಳೆಯುವುದೂ ಹಾಗೆಯೇ. ಲಲಿತಾ ಎದುರಿಗಿದ್ದಾಗ ತಿದ್ದಿಕೊಳ್ಳುತ್ತಿದ್ದ ಬೆರಳು, ಇಲ್ಲಿ ಭಯಕ್ಕೆ ಹಳೆಯ ದಾರಿ ಹಿಡಿದು ಮೂಲೆಯನ್ನೇ ಲಾಭ ಅಂದಿತ್ತು.

'ಅಯ್ಯ ಹುಚ್ಚಿ, ಅಕ್ಕಿ ಬೀಳೂಕಿಂತ ಮೊದಲ ಲಾಭ ಎಲ್ಲಿಂದ ಬಂತು? ಇದು ಖಾಲಿ ಪಾತ್ರಿ!' ಅಂತ ತನ್ನನ್ನೇ ಬೈದುಕೊಂಡಳು. ಮೂಲೆ ಸೊನ್ನೆ; ಅದರ ಮುಂದಿನ ಮನೆ ಲಾಭ.

ಅಳಿಸುವ ಧೈರ್ಯವಾಗಲಿಲ್ಲ. ಹಳೆಯ ಚುಕ್ಕಿಗಳಿಗೆ ಸಣ್ಣಗೆ ಕಾಟು ಹಾಕಿ, ಉಸಿರು ಬಿಗಿಹಿಡಿದು ಹೊಸದಾಗಿ ಇಟ್ಟಳು. ಮೂರೂ ಒಂದೇ ಸಾಲಿಗೆ ನಿಂತವು. ಎರಡನೇ ಗೆರೆಯೂ ನಿಂತಿತು. ಎರಡೂ ಕೂಡಿದ ಜಾಗ ಮೂರು-ಎರಡು. ಕೂಡಿಸಿದರೆ ಐದು, ಕಳೆದರೆ ಒಂದು. ಅದರ ಸುತ್ತ ದುಂಡಗೆ ಗೆರೆ ಹಾಕುವಾಗ ಗಂಟೆ ಹೊಡೆಯಿತು.

ಫಲಿತಾಂಶದ ದಿನ ಮೊಬೈಲ್ ಒತ್ತಲು ಅವಳಿಗೆ ಕೈ ಬರಲಿಲ್ಲ. ಲಲಿತಾ ಅವರ ಕೈಗೆ ಕೊಟ್ಟು, ತಾನು ಅಡುಗೆಕೋಣೆಯಲ್ಲಿ ಅಕ್ಕಿ ಅಳೆಯುತ್ತ ನಿಂತಳು.

"ಪಕೀರಮ್ಮ, ಪಾಸು! ಮೂವತ್ತೆಂಟು!"

ಪಾಸಿಗೆ ಬೇಕಾದದ್ದು ಮೂವತ್ತೈದು. ಪಕೀರಮ್ಮ ನಗಲಿಲ್ಲ, ಕುಣಿಯಲಿಲ್ಲ. ಮನಸ್ಸಿನಲ್ಲೇ ಮೂವತ್ತೆಂಟರಿಂದ ಗ್ರಾಫಿನ ನಾಲ್ಕು ಕಳೆದಳು. ಕೈಯಲ್ಲಿದ್ದ ಸೇರು ವಾಲಿ ಅಕ್ಕಿ ನೆಲಕ್ಕೆ ಚೆಲ್ಲಿತು.

"ಯಾಕ, ಏನಾತು?" ಅಂತ ಲಲಿತಾ ಓಡಿ ಬಂದರು.

"ಮೂವತ್ನಾಕು ಆಗತಿತ್ರಿ ಅಕ್ಕಾರ," ಅಂದವಳೇ ಪಕೀರಮ್ಮ ಚೆಲ್ಲಿದ ಅಕ್ಕಿಯ ನಡುವೆ ಕುಕ್ಕರಿಸಿ, ಪರೀಕ್ಷೆಯ ದಿನ ತಡೆದಿಟ್ಟ ಅಳುವನ್ನೆಲ್ಲ ಅತ್ತಳು.