ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಜೀವಕೋಶ

ಆ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಪ್ರತಿ ವರ್ಷ ಜೀವಶಾಸ್ತ್ರದ ಮೊದಲ ತರಗತಿಗೆ ಕೈಚೀಲದಿಂದ ಈರುಳ್ಳಿ ತೆಗೆದು ಮೇಜಿನ ಮೇಲೆ ಕುಕ್ಕುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಈರುಳ್ಳಿ ಟೀಚರ್ ಆದರು. ಕೊನೆಗೆ ಸಹೋದ್ಯೋಗಿಗಳಿಗೂ ಅದೇ ರೂಢಿಯಾಯಿತು. ಅವರಿಗೆ ಬೇಸರವಿರಲಿಲ್ಲ. "ಎದುರಿಗಿದ್ದೋರ ಕಣ್ಣಲ್ಲಿ ನೀರು ಬರ್ಸೋ ಹೆಸರು, ನಂಗೆ ಸರಿಯಾಗೇ ಇದೆ," ಎಂದು ನಗುತ್ತಿದ್ದರು.

ಹಟ ಅವರಿಗೆ ಹುಟ್ಟಿನಿಂದಲೇ ಬಂದದ್ದು. "ಹೆಣ್ಣುಹುಡುಗಿಗೆ ಕಪ್ಪೆ ಕೊಯ್ಯೋ ಓದು ಯಾಕೆ?" ಎಂದ ಅಪ್ಪನೆದುರು ಊಟ ಬಿಟ್ಟು ಕೂತು ಕಾಲೇಜು ಸೇರಿದವರು ಅವರು.

ಹೊಸ ಹೆಡ್‌ಮಾಸ್ಟರ್ ಬಂದ ಮೇಲೆ ಪ್ರಯೋಗಾಲಯಕ್ಕೆ ಗ್ರಹಚಾರ ಶುರುವಾಯಿತು. ಮುರಿದ ಬೆಂಚುಗಳೆಲ್ಲ ಅಲ್ಲಿಗೆ ಬಂದು ಬಿದ್ದವು. ಸೂಕ್ಷ್ಮದರ್ಶಕ ಬೀರು ಸೇರಿತು, ಬೀರುವಿನ ಕೀಲಿ ಹೆಡ್‌ಮಾಸ್ಟರರ ಜೇಬು ಸೇರಿತು.

"ನೋಟ್ಸ್ ಬರೆಸಿ, ಬಾಯಿಪಾಠ ಮಾಡಿಸಿ, ಸಾಕು. ಪರೀಕ್ಷೇಲಿ ಯಾರೂ ಈರುಳ್ಳಿ ಸುಲಿ ಅನ್ನಲ್ಲ," ಎಂದರು ಹೆಡ್‌ಮಾಸ್ಟರ್.

"ಅನ್ನಲ್ಲ ಸರ್, ನಿಜ. ಆದ್ರೆ ಕಣ್ಣಾರೆ ನೋಡ್ದೇ ಇದ್ರೆ ಮಕ್ಕಳಿಗೆ ಜೀವಕೋಶ ಅನ್ನೋದು ಬರೀ ಒಂದು ಪದ."

ಹೆಡ್‌ಮಾಸ್ಟರರ ಮಾತನ್ನು ಟೀಚರ್ ಕೇಳಲಿಲ್ಲ. ತರಗತಿಯನ್ನೇ ಅಂಗಳಕ್ಕೆ ಎಬ್ಬಿಸಿಕೊಂಡು ಹೋಗಿ, ಎಲೆ ಹರಿದು, ಬೇರು ಕಿತ್ತು ತೋರಿಸಿದರು. ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಜೀವಶಾಸ್ತ್ರ ಬೇರೊಬ್ಬರ ಪಾಲಾಯಿತು, ಇವರಿಗೆ ಡ್ರಾಯಿಂಗ್ ಬಂತು. "ಚಿತ್ರ ಬರೆಸ್ಕೊಂಡು ಆರಾಮಾಗಿರಿ," ಎಂದು ಹೆಡ್‌ಮಾಸ್ಟರ್ ಹಲ್ಲುಬಿಟ್ಟರು.

ಆ ಸಂಜೆ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಗಂಡ ಗಡಿಯಾರ ರಿಪೇರಿಯವರು. ಕಿಟಕಿಯ ಪಕ್ಕ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡವರು ತಲೆ ಎತ್ತದೆಯೇ ಕೇಳಿದರು, "ಪಾತ್ರೆ ಏನು ತಪ್ಪು ಮಾಡ್ತು?"

ಟೀಚರ್ ಒಂದೇ ಉಸಿರಿಗೆ ಎಲ್ಲ ಹೇಳಿದರು.

"ಚಿತ್ರ ಬರೆಸು ಅಂದ್ರಾ? ಏನನ್ನ ನೋಡ್ಕೊಂಡು ಬರೆಸ್ಬೇಕು ಅಂತ ಹೇಳಿದ್ರಾ?"

"ಇಲ್ಲ."

"ಮತ್ತೆ?"

ಟೀಚರ್ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟರು.

ಗಂಡ ಗುಜರಿ ಅಂಗಡಿಯಲ್ಲಿ ಹಳೆಯ ಸೂಕ್ಷ್ಮದರ್ಶಕವೊಂದನ್ನು ಹುಡುಕಿ ತಂದರು. ಗೊಣಗುತ್ತಲೇ ಅದರ ತಿರುಪು ಬದಲಿಸಿ, ಮಸೂರ ಒರೆಸಿ, ಒಡೆದ ಕನ್ನಡಿಗೆ ಬೇರೆ ಕನ್ನಡಿ ಕೂರಿಸಿ ಕೊಟ್ಟರು. ಡ್ರಾಯಿಂಗ್ ಕೋಣೆಯ ಕಿಟಕಿಯಲ್ಲಿ ಅದು ಬೆಳಕಿಗೆ ಮುಖ ಮಾಡಿ ನಿಂತಿತು. ಈರುಳ್ಳಿಯ ತೆಳುಪೊರೆ, ಅದರ ಮೇಲೆ ಒಂದು ಹನಿ ನೀರು. ಮಕ್ಕಳು ಒಂದು ಕಣ್ಣು ಮುಚ್ಚಿ, ಒಬ್ಬರನ್ನೊಬ್ಬರು ತಳ್ಳಾಡುತ್ತ ಬಗ್ಗಿದರು.

"ಟೀಚರ್, ಇಟ್ಟಿಗೆ ಗೋಡೆ!"

"ಒಂದೊಂದು ಇಟ್ಟಿಗೇನೂ ಒಂದೊಂದು ಜೀವಕೋಶ. ಸುತ್ತ ಗಟ್ಟಿ ಗೋಡೆ ಇದೆ ನೋಡು, ಅದಕ್ಕೇ ಮೂಳೆ ಇಲ್ದೇ ಹೋದ್ರೂ ಗಿಡ ನೆಟ್ಟಗೆ ನಿಲ್ಲೋದು. ಒಳಗಿರೋ ಚುಕ್ಕೆ ಬಿಡಬೇಡ, ಇಡೀ ಕೋಶದ ಯಜಮಾನ ಅದು. ಬರೀ."

ಮುಂದಿನ ವಾರ ಕೊಳದ ನೀರೊಳಗಿನ ಗಿಡದ ಎಲೆ ಬಂತು. ಕೋಶದೊಳಗೆ ಹಸಿರು ಕಾಳುಗಳು ಸಾಲಾಗಿ ತೇಲುತ್ತಿದ್ದವು. ಬಿಸಿಲು ಹಿಡಿದು ಗಿಡಕ್ಕೆ ಅಡುಗೆ ಮಾಡುವ ಒಲೆಗಳು ಅವೇ ಎಂದು ಟೀಚರ್ ಹೇಳುತ್ತಿರುವಾಗಲೇ ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತಿದ್ದರು.

"ಇದು ಡ್ರಾಯಿಂಗ್ ಕ್ಲಾಸಲ್ವಾ?"

"ಹೌದು ಸರ್. ಡ್ರಾಯಿಂಗೇ ಮಾಡ್ತಿದಾರೆ, ನೋಡಿ."

ನೋಡಿದರು. ಹಾಳೆಗಳ ತುಂಬ ಹಸಿರು ಬಣ್ಣ. ಹಿಡಿಯಲು ತಪ್ಪು ಸಿಗದೆ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು.

ಆ ಕೋಪ ಶಿಕ್ಷಕರ ಸಭೆಯಲ್ಲಿ ಹೊರಬಿತ್ತು. ಟೀಚರ್ ಎಲ್ಲರೆದುರು ನಿಂತು ಕ್ಷಮೆ ಕೇಳಿ, ಆ ಯಂತ್ರ ಮನೆಗೆ ಒಯ್ದರೆ ಜೀವಶಾಸ್ತ್ರ ವಾಪಸ್ ಕೊಡುತ್ತೇನೆ ಎಂದರು ಹೆಡ್‌ಮಾಸ್ಟರ್. ಆಮಿಷ ಸಣ್ಣದಲ್ಲ. ಆ ಪಾಠಕ್ಕಾಗಿ ಟೀಚರ್ ಅವರ ಜೀವ ಎಷ್ಟು ತುಡಿಯುತ್ತಿತ್ತೆಂದು ಅವರಿಗೇ ಗೊತ್ತು. ಆದರೂ ಎದ್ದು ನಿಂತರು.

"ಕ್ಷಮೆ ಕೇಳಲ್ಲ ಸರ್. ನೋಟ್ಸ್ ಬರೆಸೋಕೆ ಅಂತ ಜೀವಶಾಸ್ತ್ರ ಕೊಡೋದಾದ್ರೆ ಅದು ನಿಮ್ಮ ಹತ್ರಾನೇ ಇರ್ಲಿ. ನಂಗೆ ಡ್ರಾಯಿಂಗೇ ಸಾಕು."

ಹೊಸದಾಗಿ ಜೀವಶಾಸ್ತ್ರಕ್ಕೆ ಬಂದಿದ್ದ ಮೇಷ್ಟ್ರು ಕೆಮ್ಮಿ, "ಸರ್, ನನ್ನ ಕ್ಲಾಸಿನ ಮಕ್ಕಳನ್ನೂ ಡ್ರಾಯಿಂಗ್ ಕೋಣೆಗೆ ಕಳಿಸ್ಲಾ ಅಂತ ಕೇಳೋಣ ಅಂತಿದ್ದೆ," ಎಂದರು. ಹೆಡ್‌ಮಾಸ್ಟರ್ ಅಲ್ಲಿಗೇ ಸಭೆ ಮುಗಿಸಿದರು.

ನಿವೃತ್ತಿಯಾಗುವವರೆಗೂ ಜೀವಶಾಸ್ತ್ರ ಅವರಿಗೆ ಮತ್ತೆ ಸಿಗಲಿಲ್ಲ. ಹಾಗಂತ ಅವರು ಮೂಲೆ ಹಿಡಿದು ಕೂರಲೂ ಇಲ್ಲ. ಅಂದು ಸಭೆಯಿಂದ ನೇರವಾಗಿ ಡ್ರಾಯಿಂಗ್ ಕೋಣೆಗೆ ಬಂದವರೇ ಕಡ್ಡಿಯಿಂದ ತಮ್ಮದೇ ಕೆನ್ನೆಯ ಒಳಬದಿ ಕೆರೆದು, ಗಾಜಿಗೆ ಸವರಿ, ಒಂದು ಹನಿ ನೀಲಿ ಶಾಯಿ ಬಿಟ್ಟರು. "ಇದಕ್ಕೆ ಗೋಡೆ ಇಲ್ಲ, ತೆಳ್ಳನೆ ಪೊರೆ ಅಷ್ಟೇ. ಪ್ರಾಣಿ ಅಂದ್ಮೇಲೆ ಬಾಗ್ಬೇಕು, ಓಡ್ಬೇಕಲ್ಲ. ಬನ್ನಿ, ನೋಡಿ."

ಮೊದಲು ಬಗ್ಗಿದ ಹುಡುಗಿ ಬಹಳ ಹೊತ್ತು ನೋಡಿದಳು. "ಟೀಚರ್, ನಿಮ್ಮ ಕೋಶ ಒಂಚೂರು ಸುಕ್ಕಾಗಿದೆ."

ತರಗತಿ ಗೊಳ್ಳೆಂದಿತು. ಟೀಚರ್ ಅವಳ ಕೈಗೆ ಪೆನ್ಸಿಲ್ ತುರುಕಿದರು.

"ಸುಕ್ಕನ್ನೂ ಬರೀ. ಕಂಡಿದ್ದನ್ನ ಮುಚ್ಚಿಡೋ ಕ್ಲಾಸಲ್ಲ ಇದು."