ಬ್ಯಾಟು ಹಿಡಿದು ಫಸ್ಟ್ ಬೇಸಿಗೆ

ದುಬೈಯ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದೆ. ಮೊದಲ ಆರು ವರ್ಷ ಒಂದೇ ಒಂದು ಬೇಸ್‌ಬಾಲ್ ಆಟವನ್ನು ಕಣ್ಣಾರೆ ಕಂಡಿರಲಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬಾರದು. ಸ್ವರ್ಗದ ಬಗ್ಗೆ ಬರೆದವರನ್ನು ನೀವು ಹೋಗಿ ಬಂದಿದ್ದೀರಾ ಎಂದು ನಾವು ಕೇಳುವುದಿಲ್ಲವಲ್ಲ.

ನನ್ನ ನಿಜವಾದ ಕಸುಬು ಫುಟ್‌ಬಾಲ್. ಅದನ್ನು ಮೈದಾನಕ್ಕೆ ಹೋಗಿ, ಆಗಸ್ಟಿನ ಸೆಕೆಯಲ್ಲಿ ಅಂಗಿ ಹಿಂಡಿಕೊಂಡು ನೋಡಿ ಬರೆಯುತ್ತಿದ್ದೆ. ಮರುದಿನ ಟ್ಯಾಕ್ಸಿಯವನಿಂದ ಹಿಡಿದು ಕೆಫೆಟೇರಿಯಾದವನವರೆಗೆ ಎಲ್ಲರೂ ಅದರಲ್ಲಿ ತಪ್ಪು ಹುಡುಕುತ್ತಿದ್ದರು. ಬೇಸ್‌ಬಾಲ್ ನೋಡಿಕೊಳ್ಳುತ್ತಿದ್ದ ಅಮೆರಿಕದ ಸಹೋದ್ಯೋಗಿ ಕೆಲಸ ಬಿಟ್ಟು ಹೋದಾಗ ಅವನ ಕಿಟಕಿ ಪಕ್ಕದ ಕುರ್ಚಿ ಇನ್ನೊಬ್ಬರಿಗೆ ಸಿಕ್ಕಿತು, ಆಟ ನನಗೆ ಸಿಕ್ಕಿತು. ಅಮೆರಿಕದಲ್ಲಿ ಸಂಜೆಯ ಆಟ ಮುಗಿಯುವಾಗ ನಮ್ಮಲ್ಲಿ ಬೆಳಿಗ್ಗೆ. ಸುಲೈಮಾನಿ ಚಹಾ ಕುಡಿಯುತ್ತ, ಸುದ್ದಿ ಏಜೆನ್ಸಿಯಿಂದ ಬಂದ ವರದಿಯನ್ನು ಅರ್ಧಕ್ಕೆ ಕತ್ತರಿಸಿ, ನಾಲ್ಕು ವಿಶೇಷಣ ಸೇರಿಸಿ, ಮೇಲೆ ನನ್ನ ಹೆಸರು ಕೂರಿಸಿದರೆ ಖಲಾಸ್. ಆರು ವರ್ಷದಲ್ಲಿ ಒಂದು ದೂರೂ ಬರಲಿಲ್ಲ. ಕಂಡದ್ದನ್ನು ಬರೆಯುವುದರಲ್ಲಿರುವ ಅಪಾಯ ನನಗೆ ಆಗ ಅರ್ಥವಾಯಿತು.

ಉಳಿದ ವಿದ್ಯೆ ಪುಸ್ತಕಗಳಿಂದ ಬಂದದ್ದು. ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ, ದೇಶ ಬಿಟ್ಟು ಹೊರಡುವವರು ಸೋಫಾವನ್ನು ಮಾರುತ್ತಿದ್ದರು, ಪುಸ್ತಕಗಳನ್ನು ಕಸದ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಪರದೇಶದ ಸಂಸ್ಕೃತಿಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಬಾಗಿಲಿನ ಕೃಪೆ. ಒಮ್ಮೆ ಅಲ್ಲಿ ಒಂದು ಪೆಟ್ಟಿಗೆ ತುಂಬ ಬೇಸ್‌ಬಾಲ್ ಪುಸ್ತಕಗಳು ಸಿಕ್ಕವು. ಫುಟ್‌ಬಾಲ್ ಪುಸ್ತಕಗಳಲ್ಲಿ ಗಂಡಸರು ಜಗಳವಾಡುತ್ತಾರೆ; ಬೇಸ್‌ಬಾಲ್ ಪುಸ್ತಕಗಳಲ್ಲಿ ಅಪ್ಪನನ್ನು ನೆನೆದು ಅಳುತ್ತಾರೆ. ಹುಲ್ಲಿನ ವಾಸನೆಗೇ ನಾಲ್ಕು ಪುಟ, ಚೆಂಡು ಬರುವುದು ಐದನೆಯದರಲ್ಲಿ. ಈ ನಿಧಾನ ಕಂಡು, ಇದು ನಮ್ಮ ಟೆಸ್ಟ್ ಕ್ರಿಕೆಟ್ಟಿನ ದೂರದ ದಾಯಾದಿಯೇ ಸರಿ ಎಂದು ತೀರ್ಮಾನಿಸಿದೆ. ಮುಂದಿನ ಅನಾಹುತಕ್ಕೆಲ್ಲ ಈ ತೀರ್ಮಾನವೇ ಮೂಲ.

ಆ ಹೊತ್ತಿಗೆ ನಮ್ಮ ಎದುರು ಮನೆಗೆ ಅಲ್ ಐನ್ ಊರಿನಿಂದ ಮಂಗಳೂರು ಕಡೆಯ ಒಂದು ಕೊಂಕಣಿ ಕುಟುಂಬ ಬಂತು. ಗಂಡ ಹೋಟೆಲ್ ಕೆಲಸ, ಹೆಂಡತಿ ನರ್ಸ್, ಹನ್ನೊಂದು ವರ್ಷದ ಒಬ್ಬಳೇ ಮಗಳು. ಒಂದು ದಿನ ಲಿಫ್ಟಿನ ಎದುರು ತಾಯಿ ನನ್ನನ್ನು ತಡೆದರು. ಕೈಯಲ್ಲಿ ನಮ್ಮ ಪತ್ರಿಕೆ.

"ಬೇಸ್‌ಬಾಲ್ ಬರಿಯುದು ನೀವಾ ಮಾರಾಯ್ರೆ? ಎದುರು ಮನೆಯಲ್ಲೇ ಇಂಥವ್ರು ಇರುವಾಗ ನಾವು ಮೊಬೈಲಲ್ಲಿ ವಿಡಿಯೋ ನೋಡಿಕೊಂಡು ಕೂತಿದ್ದೇವೆ! ಇವಳ ಕ್ಲಾಸಿನ ಹುಡುಗಿಯರೆಲ್ಲ ಶುಕ್ರವಾರ ರಜೆಯಲ್ಲಿ ಆಡುವ ಬೇಸ್‌ಬಾಲ್ ಟೀಮಲ್ಲಿದ್ದಾರೆ. ಈಗ ಒಂದು ಜಾಗ ಖಾಲಿ ಉಂಟಂತೆ. ಸ್ವಲ್ಪ ಹೇಳಿಕೊಡ್ಲಿಕ್ಕೆ ಆಗ್ತದಾ?"

ಮಗಳು ನೆಲ ನೋಡುತ್ತ, "ಮಮ್ಮಾ, ಸ್ಟಾಪ್," ಎಂದಳು.

ತಾಯಿ ಸ್ವರ ಇಳಿಸಿದರು. "ಅಲ್ ಐನಲ್ಲಿ ಇವಳಿಗೆ ಮನೆ ತುಂಬ ಫ್ರೆಂಡ್ಸ್. ಇಲ್ಲಿ ಮೂರು ತಿಂಗಳಾಯ್ತು, ಟಿಫಿನ್ ಒಬ್ಬಳೇ ಕೂತು ತಿನ್ನುದು. ಟೀಮಿಗೆ ಸೇರಿದ್ರೆ ಒಂದು ನಾಲ್ಕು ಜನ ಆಗ್ತಾರೆ, ನೋಡಿ."

ಇಂಥ ಹೊತ್ತಿನಲ್ಲಿ ಸತ್ಯ ಹೇಳುವುದು ಸಭ್ಯತೆಯಲ್ಲ. "ಅದಕ್ಕೇನಂತೆ," ಎಂದೆ.

ಮನೆಯೊಳಗೆ ಹೆಂಡತಿ ಕೇಳಿದಳು, "ನೀವು ಆ ಆಟ ನೋಡಿದ್ದುಂಟಾ?"

"ಓದಿದ್ದೇನೆ."

"ಈಜುದೂ ಓದಿದ್ರಿ. ಜುಮೇರಾ ಬೀಚಲ್ಲಿ ನೀರಿಗಿಳಿದ ದಿನ ನೆನಪುಂಟಲ್ಲ?"

ತರಬೇತಿ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ನಡೆಯಿತು. ಹತ್ತು ದಿನ, ಒಂದು ಬೇಸ್‌ಬಾಲ್ ಬ್ಯಾಟು, ಒಂದು ಟೆನಿಸ್ ಚೆಂಡು. ನನ್ನ ಬೋಧನೆಯ ಮೊದಲ ಸೂತ್ರ ತಾಳ್ಮೆ.

"ಬೀಸುವುದು ದೊಡ್ಡದಲ್ಲ ಮಗಾ. ಬೀಸದೇ ಬಿಡುವುದು ದೊಡ್ಡದು."

"ಬಟ್ ಅಂಕಲ್, ದೆನ್ ಹೌ ಡು ಐ ಸ್ಕೋರ್?"

"ಅದು ಆಮೇಲಿನ ಪಾಠ."

ಎರಡನೆಯ ಸೂತ್ರ ಓಟ. ಚೆಂಡು ತಾಗಿದ ಕೂಡಲೇ ಓಡಬೇಕು, ಬೇಸ್, ಅಂದರೆ ಓಡಿ ಮುಟ್ಟಬೇಕಾದ ಚೌಕ, ಹತ್ತಿರ ಬಂದಾಗ ಕ್ರಿಕೆಟ್ಟಿನಂತೆ ಮೈ ಬಗ್ಗಿಸಿ ಬ್ಯಾಟಿನ ತುದಿಯನ್ನು ಒಳಗೆ ಊರಬೇಕು. ಇದನ್ನು ನಾನೇ ಓಡಿ ತೋರಿಸಿದೆ. ವಾಚ್‌ಮನ್ ಕುರ್ಚಿ ತಂದು ಕೂತ. ಹುಡುಗಿಗೆ ಮಾತ್ರ ಸಂಶಯ.

"ಅಂಕಲ್, ವಿಡಿಯೋದಲ್ಲಿ ದೇ ಥ್ರೋ ದ ಬ್ಯಾಟ್."

"ಅದು ಹೊಡೆದವರ ಅಹಂಕಾರ ಮಗಾ. ನಾವು ಹಾಗೆ ಮಾಡಬಾರದು."

ಅವಳು ತಲೆಯಾಡಿಸಿದಳು. ಓಡುವಾಗ ಬ್ಯಾಟು ಬಿಟ್ಟು ಓಡಬೇಕೆಂದು ಆ ಪೆಟ್ಟಿಗೆಯ ಒಂದು ಪುಸ್ತಕದಲ್ಲೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾವ ಲೇಖಕನೂ ಬರೆಯುವುದಿಲ್ಲ. ಹುಲ್ಲಿನ ವಾಸನೆ ಬರೆಯುತ್ತಾನೆ.

ಆಯ್ಕೆಯ ಶುಕ್ರವಾರ ಅವಳ ತಂದೆತಾಯಿ ಇಬ್ಬರಿಗೂ ಡ್ಯೂಟಿ. ಅಲ್ ಕೂಜ್ ಕಡೆಯ ಮೈದಾನಕ್ಕೆ ಅವಳನ್ನು ನಾನೂ ಹೆಂಡತಿಯೂ ಕರೆದುಕೊಂಡು ಹೋದೆವು. ಮಕ್ಕಳನ್ನು ಎರಡು ಪಾಲು ಮಾಡಿ ಆಡಿಸುತ್ತಿದ್ದ ಕೋಚ್ ಒಬ್ಬ ಅಮೆರಿಕದ ಎಂಜಿನಿಯರ್. ನನ್ನ ಕೈ ಕುಲುಕಿ, ಪತ್ರಿಕೆಯಲ್ಲಿ ನನ್ನ ವರದಿಗಳನ್ನು ತಪ್ಪದೆ ಓದುತ್ತೇನೆಂದ. ಆ ಕ್ಷಣದಲ್ಲಿ ನನಗೆ ಅಂಗಾಲು ಬೆವೆತದ್ದು ಬಿಸಿಲಿನಿಂದ ಎಂದೇ ಹೆಂಡತಿಗೆ ಹೇಳಿದೆ.

ಮೊದಲ ಸರದಿಯಲ್ಲಿ ಹುಡುಗಿ ಬ್ಯಾಟನ್ನು ತಲೆಯ ಮೇಲೆತ್ತಿ, ಮೂರು ಚೆಂಡುಗಳನ್ನು ಒಂದಾದ ಮೇಲೊಂದರಂತೆ ಗಂಭೀರವಾಗಿ ಬಿಟ್ಟಳು. ಮೂರೂ ನೇರವಾಗಿಯೇ ಬಂದಿದ್ದವು. ನೇರ ಬಂದ ಚೆಂಡನ್ನು ಬಿಟ್ಟರೆ ಸ್ಟ್ರೈಕ್; ಮೂರು ಸ್ಟ್ರೈಕಿಗೆ ಔಟ್. ಬೆಂಚಿನ ಹುಡುಗಿಯರು ತಮ್ಮತಮ್ಮಲ್ಲಿ ಏನೋ ಪಿಸುಗುಟ್ಟಿದರು. ಅವಳು ಬೆಂಚಿನ ಆ ತುದಿಗೆ ಹೋಗಿ ಒಬ್ಬಳೇ ಕೂತಳು.

"ಇದೇನಾ ನಿಮ್ಮ ತಾಳ್ಮೆ?" ಹೆಂಡತಿ ಕೇಳಿದಳು. ನಾನು ದೂರದ ಕ್ರೇನುಗಳನ್ನು ನೋಡಿದೆ.

ಎರಡನೆಯ ಸರದಿಗೆ ಚೆಂಡು ಎಸೆಯುವ ಹುಡುಗ ದಣಿದಿದ್ದ. ಒಂದು ಹೊರಗೆ, ಒಂದು ನೆಲಕ್ಕೆ. ಅವಳು ಅಲುಗಲಿಲ್ಲ. ಮೂರನೆಯದು ಮೂಗಿನ ಹತ್ತಿರ ಹೋಯಿತು. ಅವಳು ನನ್ನ ಕಡೆ ನೋಡಿದಳು. ನಾನು ಪ್ರಾರ್ಥಿಸುತ್ತಿದ್ದೆ. ನಾಲ್ಕನೆಯದೂ ಹೊರಗೆ. ಹಾಗೆ ನಾಲ್ಕು ಕೆಟ್ಟ ಚೆಂಡು ಬಂದರೆ ಆಟಗಾರ ಹೊಡೆಯದೆಯೇ ಫಸ್ಟ್ ಬೇಸಿಗೆ ಹೋಗಬಹುದು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಆರಾಮಾಗಿ ನಡೆದು ಹೋದರೂ ಸಾಕು.

ಅವಳು ಓಡಿದಳು. ಬ್ಯಾಟು ಹಿಡಿದೇ ಓಡಿದಳು. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ, ಆದರೂ ಕೊನೆಯ ಎರಡು ಗಜ ಮೈ ಚಾಚಿ ಬ್ಯಾಟಿನ ತುದಿಯನ್ನು ಬೇಸಿನ ಆಚೆ ಊರಿ, ಧೂಳಿನಲ್ಲಿ ನಿಂತಳು.

ಮೈದಾನದ ತುಂಬ ನಗು. ಪಿಸುಗುಟ್ಟಿದ್ದ ಹುಡುಗಿಯರೇ ಎದ್ದು ನಿಂತು ನಕ್ಕರು. ಅವಳ ಮುಖ ಕೆಂಪಾಯಿತು. ಆದರೆ ಬ್ಯಾಟನ್ನು ಎತ್ತಲಿಲ್ಲ.

ಆಟ ಮುಗಿದ ಮೇಲೆ ಕೋಚ್ ಅವಳನ್ನು ಕರೆದ. ಕೆಟ್ಟ ಚೆಂಡಿಗೆ ಬೀಸದೆ ನಿಲ್ಲುವ ಮಗು ಈ ವಯಸ್ಸಿನಲ್ಲಿ ಸಿಗುವುದಿಲ್ಲ, ಒಳ್ಳೆಯದಕ್ಕೆ ಬೀಸುವುದನ್ನು ತಾನು ಕಲಿಸುತ್ತೇನೆ ಎಂದ. ಕಾಯುವುದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದ. ಅವಳು ನನ್ನ ಕಡೆ ಬೆರಳು ತೋರಿಸಿದಳು. ನಾನು ವಿನಯದಿಂದ ಟೋಪಿ ಸರಿಪಡಿಸಿಕೊಂಡೆ.

"ಮತ್ತೆ ಆ ಬ್ಯಾಟಿನದು?" ಕೋಚ್ ಕೇಳಿದ.

ಅವಳು ನನ್ನ ಮುಖ ನೋಡಿದಳು. ನಾನು ಮಾತಾಡಬೇಕಿತ್ತು. ಟೋಪಿಯನ್ನು ಇನ್ನೊಮ್ಮೆ ಸರಿಪಡಿಸಿಕೊಂಡೆ.

"ನೋಬಡಿ," ಎಂದಳು. "ಮೈ ಓನ್ ಐಡಿಯಾ."

ಖಾಲಿ ಜಾಗ ಅವಳಿಗೇ ಸಿಕ್ಕಿತು. ಮನೆ ಹತ್ತಿರದ ಜೆಬೆಲ್ ಅಲಿಗೆ ಕಾರು ಬಂದಾಗ ಹಿಂದಿನ ಸೀಟಿನಿಂದ ಸ್ವರ ಬಂತು: "ಅಂಕಲ್, ಪ್ಲೀಸ್ ಡೋಂಟ್ ಟೀಚ್ ಮಿ ಎನಿಮೋರ್. ಬಟ್ ಯು ಕ್ಯಾನ್ ಕಮ್."

ಹೆಂಡತಿ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದಳು.

ಹೋಗುತ್ತಿದ್ದೆ. ಬೇಸ್‌ಬಾಲನ್ನು ನಾನು ಕಂಡದ್ದು ಆಮೇಲಿನ ಆ ಶುಕ್ರವಾರಗಳಲ್ಲೇ. ಪತ್ರಿಕೆಯ ಬರವಣಿಗೆ ಅದರಿಂದ ಕೆಟ್ಟಿತು. ವಿಶೇಷಣಗಳು ಸುಲಭಕ್ಕೆ ಬರುತ್ತಿರಲಿಲ್ಲ. ಹುಡುಗಿ ಬ್ಯಾಟು ಬಿಟ್ಟು ಓಡುವುದನ್ನು ಕಲಿತಳು. ಆದರೂ ಫಸ್ಟ್ ಬೇಸ್ ತಲುಪಿದಾಗ ಒಮ್ಮೆ ಬಗ್ಗಿ ಬರಿಗೈಯಿಂದ ಬೇಸನ್ನು ಮುಟ್ಟುವಳು. ಅಷ್ಟು ಮಾತ್ರ ಬಿಟ್ಟುಹೋಗಲಿಲ್ಲ.

ನಾಲ್ಕನೆಯ ವಾರ, ಮೊದಲ ದಿನ ಎದ್ದು ನಿಂತು ನಕ್ಕಿದ್ದ ಹುಡುಗಿಯೊಬ್ಬಳು ಚೆಂಡು ಹೊಡೆದು ಓಡಿ ಬಂದು, ಬೇಸಿನ ಮೇಲೆ ನಿಂತು, ಬಗ್ಗಿ ಕೈಯಿಂದ ಮುಟ್ಟಿದಳು. ಮೇಲೆದ್ದು ಬೆಂಚಿನ ಕಡೆ ನೋಡಿ ಕೈ ಬೀಸಿದಳು. ಬೆಂಚಿನ ನಡುವಿನಿಂದ ನಮ್ಮವಳೂ ಕೈ ಬೀಸಿದಳು. ಇದು ಯಾವ ನಿಯಮ ಎಂದು ಕೋಚ್ ನನ್ನ ಕಡೆ ತಿರುಗಿ ನೋಡಿದ. ಹಳೆಯ ಸಂಪ್ರದಾಯ ಎಂದೆ.